ಹಿಬಾರಿ ಮಿಸೋರಾ
1937-89. ಜಪಾನಿನ ಗಾಯಕಿ, ಚಲನಚಿತ್ರ ನಟಿ. ಮೂಲ ಹೆಸರು ಕಾಜುಎ ಕಾತೋ. ಮೇ 29ರಂದು ಯೋಕೋಹಾಮಾ ನಗರದಲ್ಲಿ ಮೀನು ಮಾರುವವರ ಮನೆಯಲ್ಲಿ ಜನಿಸಿದಳು. ಎರಡನೆಯ ಮಹಾಯುದ್ಧ ಮುಗಿದ ಬಳಿಕ ಬಾಲಕಿಯಾಗಿಯೇ ವೇದಿಕೆ ಏರಿದಳು. ವಯಸ್ಸಿಗೆ ಮೀರಿದ ಪ್ರೌಢ ಕಂಠ ಕೇಳುಗರನ್ನು ಬೆರಗುಗೊಳಿಸಿತು. ತಾಯಿ ಕಿಮಿಎ ಈಕೆಯ ವೃತ್ತಿಜೀವನದ ಹೊಣೆ ಹೊತ್ತಿದ್ದಳು.

1949ರಲ್ಲಿ ಮೊದಲ ಧ್ವನಿಮುದ್ರಿಕೆ ಹೊರಬಂತು. ಅದೇ ವರ್ಷ ತೆರೆಕಂಡ ಕನಾಶಿಕಿ ಕುಚಿಬುಎ ಚಿತ್ರ ಮತ್ತು ಅದರ ಶೀರ್ಷಿಕೆ ಗೀತೆ ಈಕೆಯನ್ನು ಮನೆಮಾತಾಗಿಸಿದವು. ಮರುವರ್ಷದ ಟೋಕಿಯೋ ಕಿಡ್ ಚಿತ್ರದ ಅನಾಥ ಬಾಲಕಿಯ ಪಾತ್ರದಲ್ಲಿ, ಯುದ್ಧದಿಂದ ಜರ್ಜರಿತರಾಗಿದ್ದ ಜನ ತಮ್ಮ ನೋವನ್ನೂ ಭರವಸೆಯನ್ನೂ ಕಂಡರು. 1955ರ ಜಾಂಕೆನ್ ಮುಸುಮೆಯಲ್ಲಿ ಚಿಎಮಿ ಎರಿ, ಇಜುಮಿ ಯುಕಿಮುರಾ ಅವರೊಡನೆ ನಟಿಸಿದಳು. ಐತಿಹಾಸಿಕ ಕಥೆಗಳಲ್ಲಿ ಪುರುಷವೇಷದಲ್ಲೂ ಮಿಂಚಿದಳು. ಅಭಿನಯಿಸಿದ ಚಿತ್ರಗಳು 150ಕ್ಕೂ ಹೆಚ್ಚು.

ಭಾವಗೀತೆಯ ಛಾಯೆಯುಳ್ಳ ಎಂಕಾ ಪ್ರಕಾರದಲ್ಲಿ ಈಕೆಗೆ ಅಗ್ರಸ್ಥಾನವಿದೆ. ಜ್ಯಾಸ್ ಗಾಯನದಲ್ಲೂ ಅಷ್ಟೇ ಸಲೀಸು. ಮಾಸಾಓ ಕೋಗಾ ಸ್ವರ ಸಂಯೋಜಿಸಿದ ಯಾವಾರಾ ಗೀತೆಗೆ 1965ರಲ್ಲಿ ಜಪಾನ್ ರೆಕಾರ್ಡ್ ಪ್ರಶಸ್ತಿ ಸಂದಿತು. ಮರುವರ್ಷ ಬಂದ ಕನಾಶೀ ಸಾಕೆ ಈಕೆಯ ಶ್ರೇಷ್ಠ ಗೀತೆಗಳಲ್ಲೊಂದು.

1987ರಲ್ಲಿ ತೀವ್ರ ಅನಾರೋಗ್ಯಕ್ಕೀಡಾದರೂ 1988ರ ಏಪ್ರಿಲ್ 11ರಂದು ಟೋಕಿಯೋ ಡೋಮ್‌ನಲ್ಲಿ ಕಿಕ್ಕಿರಿದ ಸಭೆಯ ಮುಂದೆ ಹಾಡಿದಳು. 1989ರ ಜನವರಿಯಲ್ಲಿ ಬಿಡುಗಡೆಯಾದ ಕಾವಾ ನೋ ನಾಗಾರೆ ನೋ ಯೋ ನಿ ಇಂದಿಗೂ ಜಪಾನೀಯರ ಅಚ್ಚುಮೆಚ್ಚಿನ ಗೀತೆ. ಅದೇ ವರ್ಷ ಜೂನ್ 24ರಂದು 52ನೆಯ ವಯಸ್ಸಿನಲ್ಲಿ ನಿಧನಳಾದಳು. ಜಪಾನ್ ಸರ್ಕಾರ ರಾಷ್ಟ್ರೀಯ ಗೌರವ ಪ್ರಶಸ್ತಿಯನ್ನು ಮರಣೋತ್ತರವಾಗಿ ನೀಡಿತು. ಈ ಗೌರವಕ್ಕೆ ಪಾತ್ರಳಾದ ಮೊದಲ ಮಹಿಳೆ ಈಕೆ.