ಸಯಾಮಿನ ಜಗಳಗಂಟಿ ಉಪವಾಸ ಕೂತಾಗ

ಗಾಜಿನ ತೊಟ್ಟಿಯ ಬೆಟ್ಟಾ ಮೀನು ಹಠಾತ್ತನೆ ಆಹಾರ ಮುಟ್ಟದಿದ್ದರೆ ಮನೆಮಂದಿ ಗಾಬರಿಗೊಳ್ಳುತ್ತಾರೆ. ಕಾರಣವನ್ನು ಅದರ ತವರಿನಲ್ಲಿ ಹುಡುಕಬೇಕು.

ಥಾಯ್ಲೆಂಡಿನ ಭತ್ತದ ಗದ್ದೆ, ಜವುಗುಗಳ ಬೆಚ್ಚನೆಯ ನೀರಿನ ಈ ಜೀವಿಗೆ ಅಲ್ಲಿನವರು ಇಟ್ಟ ಹೆಸರು 'ಪ್ಲಾ ಕಾಟ್', ಅಂದರೆ ಕಚ್ಚುವ ಮೀನು. ನಮ್ಮ ಕರಾವಳಿಯ ಕೋಳಿ ಅಂಕದಂತೆ ಎರಡು ಗಂಡುಗಳನ್ನು ಕಾದಾಡಲು ಬಿಟ್ಟು ಪಣ ಕಟ್ಟುವುದು ಅಲ್ಲಿನ ಹಳೆಯ ಚಟ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ವೈದ್ಯನಾಗಿದ್ದ ಡೆನ್ಮಾರ್ಕಿನ ಥಿಯೋಡರ್ ಕ್ಯಾಂಟರ್ 1849ರಲ್ಲಿ ಇದನ್ನು ವರ್ಣಿಸಿದನಾದರೂ ಬೇರೊಂದು ಮೀನಿನ ಪ್ರಭೇದವೆಂದೇ ಎಣಿಸಿದ್ದ. 1910ರಲ್ಲಿ ಟೇಟ್ ರೀಗನ್ ಅದನ್ನು ತಿದ್ದಿ 'ಬೆಟ್ಟಾ ಸ್ಪ್ಲೆಂಡೆನ್ಸ್' ಎಂದು ಹೆಸರಿಟ್ಟ. 2019ರಲ್ಲಿ ಥಾಯ್ಲೆಂಡ್ ಇದನ್ನು ರಾಷ್ಟ್ರೀಯ ಜಲಚರವೆಂದು ಘೋಷಿಸಿತು.

ನೀರಿನ ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲ ಮೀನಾದ್ದರಿಂದ ಲೋಟದಷ್ಟು ನೀರು ಸಾಕೆಂಬ ಭ್ರಮೆ ಹಬ್ಬಿದೆ. ಬದುಕುತ್ತದೆ ನಿಜ, ನರಳಿಕೊಂಡು. ನೀರು 24 ಡಿಗ್ರಿಗಿಂತ ತಣ್ಣಗಾದರೆ ಜೀರ್ಣಶಕ್ತಿ ಕುಗ್ಗಿ ಹಸಿವು ಅಡಗುತ್ತದೆ. ಉಳಿದ ಆಹಾರ ಕೊಳೆತು ಹುಟ್ಟುವ ಅಮೋನಿಯಾ ಇನ್ನೊಂದು ಶತ್ರು. ಆದ್ದರಿಂದ ಔಷಧಿಗೆ ಓಡುವ ಮೊದಲು ಉಷ್ಣಮಾಪಕ ನೋಡಿ. ಕ್ಲೋರಿನ್ ಹೋಗಿಸಿದ, ಅಷ್ಟೇ ಬೆಚ್ಚಗಿರುವ ನೀರಿನಿಂದ ಕಾಲುಭಾಗ ಬದಲಿಸಿ, ಒಂದೆರಡು ದಿನ ಏನೂ ಹಾಕಬೇಡಿ. ಹೊಟ್ಟೆ ಉಬ್ಬಿ ಹುರುಪೆಗಳು ನಿಮಿರಿದ್ದರೆ ಮಾತ್ರ ತಡಮಾಡದೆ ಪಶುವೈದ್ಯರನ್ನು ಕೇಳಬೇಕು. ಅಂಗಡಿಯ ಒಣ ಕಾಳನ್ನು ಮೂಸದ ಮೀನು ಜೀವಂತ ಸೊಳ್ಳೆಮರಿ ಕಂಡೊಡನೆ ಬಾಯಿ ತೆರೆಯುವುದುಂಟು. ಗದ್ದೆಯಲ್ಲಿ ಅದರ ಊಟ ಅಂಥದ್ದೇ.