ಮಾರಿಸನ್ನನ ಜಿಗ್ ಯಾರದು?

ಐರ್ಲೆಂಡಿನ ಕುಣಿತದ ಮಟ್ಟುಗಳಲ್ಲಿ ‘ಜಿಗ್’ ಎಂಬುದೊಂದು ಬಗೆ. ಛಂದಸ್ಸು ಬಲ್ಲವರಿಗೆ ಅದರ ನಡೆಯನ್ನು ತಿಳಿಸುವುದು ಕಷ್ಟವಲ್ಲ: ಮೂರು ಮಾತ್ರೆಯ ಗಣಗಳು, ಎರಡೆರಡು ಜೊತೆಯಾಗಿ ಸಾಗುತ್ತವೆ. ಈ ಜಾತಿಯಲ್ಲಿ ಇಂದು ಬಹು ಪ್ರಸಿದ್ಧವಾದದ್ದು ‘ಮಾರಿಸನ್ಸ್ ಜಿಗ್’. ಅದು ಷಡ್ಜದಲ್ಲಿ ಒಂದು ಇಡೀ ಗಣದಷ್ಟು ಕಾಲ ನಿಂತು, ಪಂಚಮಕ್ಕೆ ನೆಗೆದು ಅಲ್ಲಿಯೂ ಅಷ್ಟೇ ಹೊತ್ತು ನಿಂತು, ಆಮೇಲೆ ಓಟಕ್ಕೆ ತೊಡಗುತ್ತದೆ. ಒಮ್ಮೆ ಕಿವಿಗೆ ಬಿದ್ದರೆ ಮರೆಯುವ ಮಟ್ಟಲ್ಲ.

ಜೇಮ್ಸ್ ಮಾರಿಸನ್ (1893–1947) ಸ್ಲೈಗೊ ಸೀಮೆಯ ಪಿಟೀಲುಗಾರ. 1915ರಲ್ಲಿ ಅಮೆರಿಕಕ್ಕೆ ಹೋದ. ನ್ಯೂಯಾರ್ಕಿನಲ್ಲಿ ಅನೇಕ ಶಿಷ್ಯರಿಗೆ ಪಾಠ ಹೇಳಿ ‘ಪ್ರೊಫೆಸರ್’ ಎನಿಸಿಕೊಂಡ. ಆದರೆ ಅವನ ಹೆಸರು ಹೊತ್ತ ಈ ಮಟ್ಟು ಅವನ ರಚನೆಯಲ್ಲ. ಅವನ ಮೇಳದಲ್ಲಿ ಕೆರ್ರಿ ಸೀಮೆಯ ಟಾಮ್ ಕಾರ್ಮೊಡಿ ಎಂಬಾತ ಅಕಾರ್ಡಿಯನ್ ನುಡಿಸುತ್ತಿದ್ದ; ನಮ್ಮ ಹಾರ್ಮೋನಿಯಮ್ಮಿನಂತೆ ತಿದಿಯ ಗಾಳಿಯಿಂದ ನುಡಿಯುವ ವಾದ್ಯವದು. ಈ ಮಟ್ಟನ್ನು ಅವನು ತನ್ನ ತಂದೆಯಿಂದ ಕಲಿತಿದ್ದ. ಅವನು ಬಲ್ಲ ಹೆಸರು ‘ದಿ ಸ್ಟಿಕ್ ಅಕ್ರಾಸ್ ದಿ ಹಾಬ್’. ಹಾಬ್ ಎಂದರೆ ಬೆಂಕಿಗೂಡಿನ ಪಕ್ಕದಲ್ಲಿ ಪಾತ್ರೆ ಬೆಚ್ಚಗಿಡುವ ಕಟ್ಟೆ. ಅದಕ್ಕೆ ಅಡ್ಡವಾಗಿಟ್ಟ ಕೋಲು ಎಂದು ತಾತ್ಪರ್ಯ. ಒಲೆಯ ಮುಂದೆ ಕುಳಿತವರ ಬಾಯಲ್ಲಿಯೇ ಹುಟ್ಟಬಹುದಾದ ಹೆಸರು!

ಕಾರ್ಮೊಡಿ ಹೇಳಿದ ವೃತ್ತಾಂತ ಹೀಗಿದೆ. ಧ್ವನಿಮುದ್ರಣದ ಹಿಂದಿನ ರಾತ್ರಿ ಅವನು ಈ ಮಟ್ಟನ್ನು ನುಡಿಸುತ್ತಿದ್ದಾಗ ಮಾರಿಸನ್ ಕೇಳಿ ಮೆಚ್ಚಿ, ಸ್ವರ ಬರೆದುಕೊಂಡ. ಮರುದಿನವೇ ಇಬ್ಬರೂ ಕೂಡಿ ಅದನ್ನು ನುಡಿಸಿದರು. ಇದು 1936ರ ಮಾತು.

ಹಾಗಾದರೆ ಮಾರಿಸನ್ ಪರರ ಸ್ವತ್ತನ್ನು ಅಪಹರಿಸಿದನೆ? ಹಾಗೆನ್ನುವುದು ಅನ್ಯಾಯವಾದೀತು. ಆ ಗ್ರಾಮೊಫೋನ್ ತಟ್ಟೆಯ ಮೇಲೆ ಅಚ್ಚಾದ ಹೆಸರು ‘ಮೋರಿಸ್ ಕಾರ್ಮೊಡೀಸ್ ಫೇವರಿಟ್’, ಅಂದರೆ ಮೋರಿಸ್ ಕಾರ್ಮೊಡಿಯ ಅಚ್ಚುಮೆಚ್ಚು. ಕಾರ್ಮೊಡಿ ಮನೆತನದ ಹೆಸರು ಅಲ್ಲಿ ಎಲ್ಲರಿಗೂ ಕಾಣುವಂತಿತ್ತು. ಅದನ್ನು ಅಳಿಸಿದವರು ಕೇಳಿದ ಜನ. ಅಮೆರಿಕದಲ್ಲಿ ಸಿದ್ಧವಾದ ಇಂಥ ತಟ್ಟೆಗಳು ಕಡಲು ದಾಟಿ ಐರ್ಲೆಂಡಿಗೆ ಮರಳಿದವು. ಅಲ್ಲಿಯ ಹಳ್ಳಿಗಳ ವಾದಕರೂ ಅವುಗಳನ್ನು ಕೇಳಿ ಪಾಠ ಮಾಡಿದರು. ಯಾರಿಂದ ಕಲಿತೆವೋ ಅವರ ಹೆಸರಿನಿಂದಲೇ ಮಟ್ಟನ್ನು ಕರೆಯುವುದು ಆ ಸಂಗೀತದ ಹಳೆಯ ರೂಢಿ. ದೊಡ್ಡ ವಿದ್ವಾಂಸನ ಹೆಸರು ನಾಲಗೆಯಲ್ಲಿ ನಿಂತಿತು, ಮನೆಯ ಹಿರಿಯನದು ಜಾರಿತು. ನಮ್ಮ ದಾಸರ ಪದಗಳಿಗಾದರೆ ಅಂಕಿತದ ಕಾವಲುಂಟು. ಮಾತಿಲ್ಲದ ಮಟ್ಟಿಗೆ ಅಂಕಿತವೆಲ್ಲಿಂದ ಬರಬೇಕು?

ಹೆಸರಿನ ಈ ಗೊಂದಲ ಆ ನಾಡಿನಲ್ಲಿ ಹೊಸದಲ್ಲ. ಷಿಕಾಗೊ ನಗರದ ಪೊಲೀಸ್ ಮುಖ್ಯಾಧಿಕಾರಿಯಾಗಿದ್ದ ಫ್ರಾನ್ಸಿಸ್ ಓನೀಲ್ 1903ರಲ್ಲಿ 1850 ಮಟ್ಟುಗಳ ದೊಡ್ಡ ಸಂಗ್ರಹವನ್ನು ಪ್ರಕಟಿಸಿದ. ಒಂದೇ ಮಟ್ಟಿಗೆ ಹಲವು ಹೆಸರು, ಒಂದೇ ಹೆಸರಿಗೆ ಹಲವು ಮಟ್ಟು ಎಂಬ ತೊಡಕಿನಲ್ಲಿ ಅವನೂ ಸಿಕ್ಕಿದ್ದ. ಹೆಸರೇ ನೆನಪಿಲ್ಲದ ಮಟ್ಟುಗಳನ್ನು ವಾದಕರು ಐರಿಷ್ ಭಾಷೆಯಲ್ಲಿ ‘ಗಾನ್ ಆನಿಮ್’, ಅಂದರೆ ‘ಹೆಸರಿಲ್ಲದ್ದು’, ಎಂದೇ ಬರೆದುಬಿಡುವುದುಂಟು.

1936ರ ಆ ವಾದನ ದೊರೆತರೆ ಗಮನವಿಟ್ಟು ಕೇಳಿರಿ. ಪಿಟೀಲಿನ ಜೊತೆಜೊತೆಗೆ, ಅದೇ ಸ್ವರಗಳಲ್ಲಿ, ಕಾರ್ಮೊಡಿಯ ಅಕಾರ್ಡಿಯನ್ನೂ ನುಡಿಯುತ್ತಿದೆ.