ಪರಾಕಾಷ್ಠೆ

ಈ ಪದದೊಳಗೆ ಕಟ್ಟಿಗೆ ಇಲ್ಲ. ಕಟ್ಟಿಗೆಯ ‘ಕಾಷ್ಠ’ ಸಂಸ್ಕೃತದಲ್ಲಿ ನಪುಂಸಕ ಲಿಂಗ. ಇಲ್ಲಿರುವುದು ಸ್ತ್ರೀಲಿಂಗದ ‘ಕಾಷ್ಠಾ’. ಋಗ್ವೇದದ ಕಾಲಕ್ಕೆ ಅದು ಪಂದ್ಯದ ಓಟದ ಹಾದಿ, ಅದರ ಕೊನೆಯ ಗುರಿ. ಅಲ್ಲಿಂದ ಎಲ್ಲೆ, ತುದಿ ಎಂಬ ಅರ್ಥಗಳು ಬಂದವು. ದಿಕ್ಕಿಗೂ ಇದೇ ಹೆಸರು. ಹದಿನೆಂಟು ನಿಮೇಷಗಳ ಕಾಲಮಾನಕ್ಕೂ ಇದೇ (ಈ ನಿಮೇಷ ನಮ್ಮ ಗಡಿಯಾರದ ನಿಮಿಷವಲ್ಲ, ರೆಪ್ಪೆ ಬಡಿಯುವಷ್ಟು ಹೊತ್ತು).

‘ಪರಾ’ ಎಂದರೆ ಅತ್ಯುಚ್ಚವಾದ, ಕಟ್ಟಕಡೆಯ. ಇಂದ್ರಿಯಗಳಿಂದ ಮೇಲೇರುತ್ತ ಹೋಗುವ ಕಠೋಪನಿಷತ್ತು ಪುರುಷನಲ್ಲಿ ನಿಲ್ಲುತ್ತದೆ. ಅದರಾಚೆ ಏನೂ ಇಲ್ಲ, ಅದೇ ಕಾಷ್ಠೆ ಎನ್ನುತ್ತದೆ.

ಕನ್ನಡದಲ್ಲಿ ಪದಕ್ಕೆ ಅಷ್ಟು ಮಡಿಯಿಲ್ಲ. ಭಕ್ತಿಯೂ ಪರಾಕಾಷ್ಠೆ ಮುಟ್ಟುತ್ತದೆ, ಭ್ರಷ್ಟಾಚಾರವೂ ಮುಟ್ಟುತ್ತದೆ. ಪತ್ರಿಕೆಗಳಿಗಂತೂ ಎರಡನೆಯದೇ ಹೆಚ್ಚು ಇಷ್ಟ: ಕ್ರೌರ್ಯದ ಪರಾಕಾಷ್ಠೆ, ನಿರ್ಲಕ್ಷ್ಯದ ಪರಾಕಾಷ್ಠೆ. ‘ಶಿಖರ’ವನ್ನು ಸಾಧನೆಗೆ ಮೀಸಲಿಟ್ಟು ಬೈಗುಳದ ಪಾಲಿಗೆ ಇದನ್ನು ಬಿಟ್ಟಂತಿದೆ. ‘ಅತ್ಯಂತ ಪರಾಕಾಷ್ಠೆ’ ಎನ್ನುವವರೂ ಇದ್ದಾರೆ. ತುದಿಗೆ ಇನ್ನೊಂದು ತುದಿ ಯಾಕೆ? ಬರೆಯುವಾಗ ‘ಷ್ಟೆ’ ಅಲ್ಲ, ಮಹಾಪ್ರಾಣದ ‘ಷ್ಠೆ’. ನಿಷ್ಠೆ, ಪ್ರತಿಷ್ಠೆಗಳ ಒತ್ತಕ್ಷರವೇ ಇಲ್ಲಿಯೂ.